ಒಂಬತ್ತು ದಿನದ ಕಿಲುಬು

ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಬೈಗುಳವೆಂದರೆ ಕಿಲುಬು. ಬೇರೆ ಮನೆಗಳಲ್ಲಿ ಮಕ್ಕಳನ್ನು ಬಯ್ಯಲು ಕತ್ತೆ, ಕೋತಿ ಎಲ್ಲ ಒದಗುತ್ತಿದ್ದವು. ನಮ್ಮ ಅಮ್ಮಿ ಸಿಟ್ಟು ನೆತ್ತಿಗೇರಿದಾಗ "ಕಿಲುಬು ಹಿಡಿದೋಳೆ" ಎನ್ನುತ್ತಿದ್ದಳು, ಅದರಾಚೆಗೆ ಅವಳ ಬಳಿ ಬೈಗುಳವಿರಲಿಲ್ಲ. ತಾಮ್ರದ ಪಾತ್ರೆಯನ್ನು ಒದ್ದೆ ಬಿಟ್ಟರೆ, ಅದರಲ್ಲಿ ಹುಳಿ ಇಟ್ಟರೆ, ಮೇಲೆ ಹಸಿರಾಗಿ ಕೂರುತ್ತದಲ್ಲ, ಅದು ಕಿಲುಬು. ದೊಡ್ಡವರ ಹೊಟ್ಟೆಗೆ ಹೋದರೆ ವಾಂತಿ, ಭೇದಿ. ಎಳೆಯ ಮಕ್ಕಳಿಗಾದರೆ ಅಷ್ಟಕ್ಕೇ ನಿಲ್ಲುವುದಿಲ್ಲ. ಅಬ್ಬಾ ಸಿರಾದ ನಮ್ಮ ಗಲ್ಲಿಯಲ್ಲಿ ತಾಮ್ರದ ಪಾತ್ರೆ ಬಡಿಯುತ್ತಿದ್ದರು, ಹಳೆಯ ಪಾತ್ರೆಗಳಿಗೆ ಕಲಾಯಿ, ಅಂದರೆ ಒಳಮೈಗೆ ತವರದ ಲೇಪ, ಹಾಕುತ್ತಿದ್ದರು. ಬೀದಿಗೆ ತೆರೆದ ಮುಂದಿನ ಕೋಣೆ ಅವರದು: ನೆಲದಲ್ಲಿ ಕುಲುಮೆ, ಪಕ್ಕದಲ್ಲಿ ತಿದಿ, ಗೋಡೆಗೊರಗಿ ಇದ್ದಿಲ ಚೀಲಗಳು. ಒಂದು ಪರದೆ ದಾಟಿದರೆ ನಡುಮನೆ, ಅಲ್ಲಿ ಮಂಚದ ಮೇಲೆ ಕಿವಿ ಮಂದವಾಗಿದ್ದ ದಾದಿ, ಅಂದರೆ ಅಬ್ಬಾನ ತಾಯಿ. ಅದರಾಚೆ ಹಿತ್ತಿಲು, ಅಲ್ಲೊಂದು ಕಲ್ಲುಚಪ್ಪಡಿ, ಚಪ್ಪಡಿಯಿಂದ ಹೊರಟ ಮೋರಿ. ಹಿತ್ತಿಲು ಅಮ್ಮಿಯದು. ಪಾತ್ರೆ ತರುವ ಹೆಂಗಸರು ಹಿತ್ತಿಲ ಬಾಗಿಲಿಗೇ ಬರುತ್ತಿದ್ದರು, ಅಮ್ಮಿ ಅವರನ್ನು ನಿಲ್ಲಿಸಿಕೊಂಡು ಪಾಠ ಒಪ್ಪಿಸುತ್ತಿದ್ದಳು: ಮಜ್ಜಿಗೆ ಇಡಬೇಡಿ, ಉಪ್ಪಿನಕಾಯಿ ಇಡಬೇಡಿ, ಒದ್ದೆ ಬಟ್ಟೆ ಸುತ್ತಬೇಡಿ, ದನದ ಕೊಟ್ಟಿಗೆಯಲ್ಲಿ ಬಿಡಬೇಡಿ. ನಾವು ಮನೆಯೊಳಗೆ ಆಡುತ್ತಿದ್ದುದು ಉರ್ದು. ಆದರೆ ಅಮ್ಮಿ ಪಾವಗಡದ ಕಡೆಯವಳು, ಕನ್ನಡದಲ್ಲೇ ಹೆಚ್ಚು ಮಾತಾಡುತ್ತಿದ್ದಳು, ಗಾಬರಿಯಾದರೆ ತೆಲುಗಿಗೆ ಹೊರಳುತ್ತಿದ್ದಳು.

ಕಲಾಯಿ ಹಿಡಿಯಬೇಕಾದರೆ ಮೊದಲು ಪಾತ್ರೆಯ ಮೈ ಕೆಂಪಗಾಗಬೇಕು. ಆ ಕೆಲಸ ನನ್ನದು. ದೊಡ್ಡ ಹಂಡೆಯಾದರೆ ಒಳಗೆ ಮರಳು ಸುರಿದು, ಬರಿಗಾಲಲ್ಲಿ ಇಳಿದು, ಗೋಡೆ ಹಿಡಿದುಕೊಂಡು ಸೊಂಟ ತಿರುಗಿಸುತ್ತ ಉಜ್ಜುತ್ತಿದ್ದೆ. ಸಣ್ಣ ಬಾಯಿಯ ಪಾತ್ರೆಗಳಿಗೆ ಹುಣಸೆಹಣ್ಣು, ಉಪ್ಪು, ಬೂದಿ ಮತ್ತು ನನ್ನ ಕೈ. ಅಮ್ಮಿಯ ಕೈ ಹೋಗದ ಕಡೆ ನನ್ನ ಕೈ ಹೋಗುತ್ತಿತ್ತು. ನನಗಾಗ ಹತ್ತು ವರ್ಷವಿರಬಹುದು, ಬೆಳಗುವುದರಲ್ಲಿ ನನ್ನನ್ನು ಮೀರಿಸುವವರು ಗಲ್ಲಿಯಲ್ಲೇ ಇಲ್ಲ ಎಂಬ ಕೊಬ್ಬು ಇತ್ತು. ಕೊಬ್ಬು ಎಂದೇ ಬರೆಯುತ್ತೇನೆ, ಹೆಮ್ಮೆ ಎಂದಲ್ಲ. ನಾನು ಒಳ್ಳೆಯ ಹುಡುಗಿಯಾಗಿದ್ದೆ ಎಂದು ತೋರಿಸಿಕೊಳ್ಳಲು ಈ ಅಧ್ಯಾಯ ಬರೆಯುತ್ತಿಲ್ಲ. ಆ ಹೊತ್ತಿಗೆ ಸಂತೆಗೆ ಅಲ್ಯೂಮಿನಿಯಂ ಬಂದಿತ್ತು. ಕಲಾಯಿಯ ರಗಳೆ ಇಲ್ಲ, ಹಗುರ ಎಂದು ಊರಿನವರು ಒಬ್ಬೊಬ್ಬರಾಗಿ ಅತ್ತ ಹೋದರು. ಅಬ್ಬಾಗೆ ಉಳಿದ ಗಿರಾಕಿಗಳೆಂದರೆ ತಾವರೆಕೆರೆ ಕಡೆಯ ಕುರಿಗಾಹಿಗಳ ಹಟ್ಟಿಗಳು. ಅವರು ತಾಮ್ರ ಬಿಟ್ಟಿರಲಿಲ್ಲ, ಅಬ್ಬಾನನ್ನೂ ಬಿಟ್ಟಿರಲಿಲ್ಲ.

ಅಂಥ ಒಂದು ಹಟ್ಟಿಯ ಪೂಜಾರಿ ಚಿಕ್ಕಣ್ಣ. ಒಣಕಲು ಮೈಯ ಮುದುಕ, ಯಾವಾಗಲೂ ಹೆಗಲ ಮೇಲೆ ಕಂಬಳಿ. ಒಂದು ಸೋಮವಾರ ಮಧ್ಯಾಹ್ನ ಆ ಕಂಬಳಿಯೊಳಗೆ ಏನನ್ನೋ ಅವುಚಿಕೊಂಡು ಬಂದ. ಅಬ್ಬಾ ನಮ್ಮನ್ನೆಲ್ಲ ಒಳಗೆ ಕಳಿಸಿದರು. ಅಂದು ಅವರಿಬ್ಬರೂ ಆಡಿದ ಮಾತು ನಮಗೆ ತಿಳಿದದ್ದು ತೀರ ತಡವಾಗಿ, ಅಬ್ಬಾನ ಬಾಯಿಂದ. ಚಿಕ್ಕಣ್ಣ ತಂದಿದ್ದು ಅವರ ದೇವರ ಬಿಂದಿಗೆ. ತಂಬಿಗೆಗಿಂತ ಸ್ವಲ್ಪ ದೊಡ್ಡದು, ಒಳಗೂ ಹೊರಗೂ ಕಿಲುಬು ಕಲ್ಲಿನಂತೆ ಕಚ್ಚಿ ಕೂತಿತ್ತು. ವರ್ಷಕ್ಕೊಮ್ಮೆ ಅದರಲ್ಲಿ ಹಾಲು ಹಿಡಿದು ಹಟ್ಟಿಯ ಕುರಿಗಳ ಮೇಲೆ ಚಿಮುಕಿಸುತ್ತಾರೆ. ಅದನ್ನು ಎಂದೂ ಬೆಳಗುವಂತಿಲ್ಲ, ದೇವರ ಗುಡ್ಲಿನಿಂದ, ಅಂದರೆ ದೇವರ ಗುಡಿಸಲಿನಿಂದ, ಆಚೆ ತರುವಂತಿಲ್ಲ. ತಳದಲ್ಲಿ ಸೋರುತ್ತಿದೆ ಎಂದು ಚಿಕ್ಕಣ್ಣ ಯಾರಿಗೂ ಹೇಳದೆ ತಂದುಬಿಟ್ಟಿದ್ದ.

"ತೂತು ಮುಚ್ಚಿ ಕೊಡ್ರಿ ಸಾಬ್ರೆ, ಅಷ್ಟೇಯ. ಹಸುರು ಮಾತ್ರ ಮುಟ್ಟಬ್ಯಾಡಿ. ಅದು ನಮ್ಮ ಹಿರೀಕರು ಬುಟ್ಟೋಗಿರೋದು. ಆಚೆಗೆ ತಂದಿವ್ನಿ ಅಂತ ಗೊತ್ತಾದ್ರೆ ನನ್ನ ಪೂಜೆಯಿಂದ ತೆಗ್ದು, ಹಟ್ಟಿಯಿಂದ್ಲೂ ಆಚೆಗೆ ಹಾಕ್ತಾರೆ. ಯಾರ್ಗೂ ಹೇಳಬ್ಯಾಡಿ, ಮನೇಲೂ."

"ನನ್ನ ಮಾತು ಚಿಕ್ಕಣ್ಣ. ಬರೋ ಸೋಮವಾರ ಅಲ್ಲ, ಅದರಾಚೆ ಸೋಮವಾರ ಬಾ" ಎಂದಿದ್ದರು ಅಬ್ಬಾ.

ಮಾತು ಕೊಟ್ಟಂತೆ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಬಿಂದಿಗೆಯನ್ನು ಗೋಣಿಯಲ್ಲಿ ಸುತ್ತಿ ಇದ್ದಿಲ ಚೀಲಗಳ ಹಿಂದೆ ಇಟ್ಟು, ಮರುದಿನ ಬೆಳಗ್ಗೆ ತಗಡು, ತವರ ತರಲು ಮಧುಗಿರಿಯ ಬಸ್ಸು ಹತ್ತಿದರು. ಅಲ್ಲಿಂದ ಕೊರಟಗೆರೆಗೂ ಹೋಗಿ ಬುಧವಾರ ಸಂಜೆಗೆ ಬರುವವರಿದ್ದರು. ಒಂದೇ ಒಂದು ಮಾತು, "ಅದನ್ನು ಮುಟ್ಟಬೇಡಿ" ಎಂಬಷ್ಟು ಹೇಳಿ ಹೋಗಿದ್ದರೆ ಸಾಕಿತ್ತು. ಈಗಲೂ ನೆನೆದರೆ ಅಬ್ಬಾನ ಮೇಲೆ ಮೈಯೆಲ್ಲ ಉರಿಯುತ್ತದೆ. ಬುಧವಾರ ಬೆಳಗ್ಗೆ ಒಲೆಗೆ ಇದ್ದಿಲು ತರಲು ಹೋದ ಅಮ್ಮಿ ಗೋಣಿ ಬಿಚ್ಚಿ ನೋಡಿ ಬೆಚ್ಚಿದಳು.

"ಏಮೇ ಇದಿ? ನಮ್ಮನೇಲಿ ಇಂಥದ್ದಾ? ಯಾರಾದ್ರೂ ನೋಡಿದ್ರೆ ಏನಂದ್ಕೊಂತಾರೆ. ಲೇ ಮುನ್ನಿ, ಬಾರೇ ಇಲ್ಲಿ. ನಿಮ್ಮಬ್ಬಾ ಬರೋದ್ರೊಳಗೆ ಇದು ಫಳಫಳ ಅನ್ಬೇಕು."

ಅವಳಿಗೆ ಅದು ಗಿರಾಕಿಯೊಬ್ಬರ ಹಾಳುಬಿದ್ದ ಬಿಂದಿಗೆ, ಗಂಡನಿಗೆ ಬೆಳಗಲು ಹೇಳುವುದು ಮರೆತುಹೋಗಿದೆ, ಅಷ್ಟೆ. ನಮ್ಮ ಹಿತ್ತಿಲಿಗೆ ಬಂದ ಯಾವ ಪಾತ್ರೆಯೂ ಹಸಿರಾಗಿ ಹಿಂದಿರುಗಿದ್ದಿಲ್ಲ. ಇನ್ನೇನು ಯೋಚನೆ ಮಾಡಿಯಾಳು. ನಾನು ಚಪ್ಪಡಿಯ ಮೇಲೆ ಕೂತು ಶುರು ಮಾಡಿದೆ. ಅಷ್ಟು ಗಟ್ಟಿ ಕಿಲುಬನ್ನು ನಾನು ಕಂಡಿರಲಿಲ್ಲ. ಹುಣಸೆಹುಳಿಯಲ್ಲಿ ನೆನೆಹಾಕಿದೆ, ಬೂದಿ ಬಳಿದೆ, ಕೊನೆಗೆ ಹಿಡಿ ಹಿಡಿ ಮರಳು ಹಾಕಿ ಉಜ್ಜಿದೆ. ಹಸಿರು ಕೆಸರಾಗಿ ಮೋರಿಗೆ ಇಳಿಯಿತು. ಮಧ್ಯಾಹ್ನದ ಹೊತ್ತಿಗೆ ಹೊರಮೈ ಕೆಂಪಗೆ ಬೆಳಗಿತು, ನಾನು ಹಾಡಿಕೊಂಡು ಒಳಗೆ ಕೈ ಇಳಿಸಿ ತಳ ತಿಕ್ಕತೊಡಗಿದೆ. ಒಮ್ಮೆ ಒತ್ತಿದಾಗ ನನ್ನ ಎರಡು ಬೆರಳು ತಳ ಸೀಳಿಕೊಂಡು ಆಚೆ ಬಂದವು. ತಾಮ್ರ ಎಂದೋ ಸವೆದುಹೋಗಿತ್ತು. ಕಿಲುಬೇ ಅದನ್ನು ಹಿಡಿದು ನಿಲ್ಲಿಸಿತ್ತು.

ಸಂಜೆ ಅಬ್ಬಾ ಬಂದು ನೋಡಿದರು. ಕೂಗಾಡುತ್ತಾರೆ, ಹೊಡೆಯುತ್ತಾರೆ ಎಂದು ನಾನು ದಾದಿಯ ಮಂಚದ ಹಿಂದೆ ಅಡಗಿದ್ದೆ. ಅವರು ಹೊಡೆಯಲಿಲ್ಲ. ತಗಡಿನ ಸುರುಳಿಯನ್ನು ಕೆಳಗಿಡದೆ ಹಾಗೇ ಗೋಡೆಗೆ ಒರಗಿ ಕುಸಿದು ಕೂತರು. ದಾದಿ ಅವರ ಮುಖ ನೋಡಿ, "ಯಾರು ಹೋದರಪ್ಪ?" ಎಂದು ಕೇಳಿದವಳೇ ಸೆರಗು ಮುಖಕ್ಕೆ ಹಿಡಿದು ಅಳತೊಡಗಿದಳು. ಆಗ ಅಬ್ಬಾ ಸೋಮವಾರದ ಮಾತನ್ನೆಲ್ಲ ಹೇಳಿದರು. ಅಮ್ಮಿ ತಲೆ ಚಚ್ಚಿಕೊಂಡಳು.

"ಇರೋ ವಿಷಯ ಹೇಳ್ಬಿಡೋಣ. ಕಾಲಿಗೆ ಬಿದ್ದು ಹೇಳೋಣ."

"ಹೇಳಿದ್ರೆ ನಮಗೇನಾಗುತ್ತೆ? ನಮ್ಮನ್ನು ಬಯ್ದು ಹೋಗ್ತಾರೆ. ಅವನ ಗತಿ? ನನ್ನ ನಂಬಿ ತಂದವನನ್ನ ಹಟ್ಟಿಯಿಂದ ಆಚೆ ಹಾಕಿಸ್ಲಾ?"

"ಮತ್ತೆ?"

"ಹೊಸದು ಮಾಡ್ತೀನಿ. ಹಳೇದು ಮಾಡ್ತೀನಿ ಅದನ್ನ."

ಹೊಸದು ಮಾಡುವುದು ಅಬ್ಬಾಗೆ ಕಷ್ಟವೇ ಅಲ್ಲ. ಗುರುವಾರ, ಶುಕ್ರವಾರ ಅನ್ನ ನೀರು ಬಿಟ್ಟು ಬಡಿದರು. ಹರಿದ ಬಿಂದಿಗೆಯನ್ನು ಮುಂದಿಟ್ಟುಕೊಂಡು ಅದೇ ಕುತ್ತಿಗೆ, ಅದೇ ಹೊಟ್ಟೆ, ಒಂದು ಕಡೆ ಇದ್ದ ಅದೇ ತಗ್ಗು. ಶನಿವಾರ ಬೆಳಗ್ಗೆ ಹೊಸ ಬಿಂದಿಗೆ ಚಪ್ಪಡಿಯ ಮೇಲೆ ಕೂತಾಗ ಮೂವರೂ ಅದರ ಸುತ್ತ ಕೂತೆವು. ಇನ್ನು ಅದಕ್ಕೆ ಕಿಲುಬು ಬರಿಸಬೇಕು, ಕೈಯಲ್ಲಿ ಒಂಬತ್ತು ದಿನ. ಅಬ್ಬಾ, ಅವರ ಅಪ್ಪ, ಅವರಪ್ಪನ ಅಪ್ಪ, ಎಲ್ಲರೂ ಹುಟ್ಟಿದಾಗಿನಿಂದ ಕಿಲುಬು ತೆಗೆದವರು. ಅದನ್ನು ಹತ್ತಿಸುವುದು ಹೇಗೆಂದು ನಮ್ಮ ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನಾನು ಬುದ್ಧಿವಂತೆಯಂತೆ ಹುಣಸೆಹುಳಿ ಬಳಿದೆ, ಅದು ಇನ್ನಷ್ಟು ಹೊಳೆಯಿತು. ಅಬ್ಬಾ ಹೊಗೆಗೆ ಹಿಡಿದರು, ಕಪ್ಪಾಯಿತು. ಕಪ್ಪನ್ನು ಒರೆಸಿದರೆ ಕೆಳಗೆ ಮತ್ತೆ ಅದೇ ಕೆಂಪು ಹಲ್ಲು ಕಿರಿಯಿತು. ಹೀಗೆ ಎರಡು ದಿನ ಹಾಳಾದವು. ಸೋಮವಾರ ಅಬ್ಬಾ ಕೋಟು ಹಾಕಿಕೊಂಡು, "ತಾವರೆಕೆರೆಗೆ ಹೋಗಿ ಅವನಿಗೆ ಹೇಳಿ ಬರ್ತೀನಿ" ಎಂದು ಹೊರಟರು. ಒಂದು ಗಂಟೆಯೊಳಗೆ ವಾಪಸು ಬಂದು ಕೋಟು ಕಳಚಿ ಮೊಳೆಗೆ ಹಾಕಿದರು.

"ಬಸ್ ಬರ್ಲಿಲ್ಲ" ಎಂದರು.

ಆ ಬಸ್ಸು ತಪ್ಪದೆ ಬರುತ್ತದೆಂದು ಅಮ್ಮಿಗೂ ಗೊತ್ತು, ನನಗೂ ಗೊತ್ತು. ಅಂದು ಮಧ್ಯಾಹ್ನ ದಾರಿ ಕಂಡಿದ್ದು ಅಮ್ಮಿಗೆ. ರೊಟ್ಟಿ ಬಡಿಯುತ್ತಿದ್ದವಳು ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದಳು.

"ನಾನು ಹೆಂಗಸರಿಗೆ ಏನೇನು ಮಾಡಬ್ಯಾಡ್ರಿ ಅಂತೀನಿ, ಅದಷ್ಟೂ ಮಾಡೋಣ."

ಇಡೀ ಜೀವಮಾನ ಒಪ್ಪಿಸಿದ ಪಾಠವನ್ನು ಅವಳು ತಿರುಗಾಮುರುಗಾ ಮಾಡಿದಳು. ಹುಳಿ ಮಜ್ಜಿಗೆಗೆ ಉಪ್ಪು ಬೆರೆಸಿ ಬಳಿದೆವು. ಒದ್ದೆ ಗೋಣಿ ಸುತ್ತಿದೆವು. ನಾನು ಬೆಳಗಾಗುತ್ತಲೇ ಪಕ್ಕದ ಬೀದಿಯ ಕೊಟ್ಟಿಗೆಗೆ ಹೋಗಿ ಡಬ್ಬದಲ್ಲಿ ದನದ ಗಂಜಲ ಹಿಡಿದು ತರುತ್ತಿದ್ದೆ. ಗಲ್ಲಿಯ ಹುಡುಗಿಯರು ಮೂಗು ಮುಚ್ಚಿಕೊಂಡು ಹಿಂದೆ ಬಂದರು, ಒಬ್ಬಳಿಗೆ ಅದರಲ್ಲೇ ಅಭಿಷೇಕ ಮಾಡಿದೆ. ಗಂಜಲದಲ್ಲಿ ಹುಲ್ಲು ನೆನೆಸಿ, ಮಡಕೆಯೊಳಗೆ ಹುಲ್ಲಿನ ನಡುವೆ ಬಿಂದಿಗೆ ಹುಗಿದು ಬಾಯಿ ಕಟ್ಟಿದೆವು. ಕೊನೆಗೆ ಅಬ್ಬಾ ನವಸಾಗರದ ಪುಡಿ ತಂದರು. ಅದು ಕಲಾಯಿ ಹಿಡಿಯಲೆಂದು ಬಿಸಿ ಪಾತ್ರೆಗೆ ಎರಚುವ ಬಿಳಿ ಪುಡಿ, ನಮ್ಮ ಮನೆಯ ಅನ್ನವೇ ಅದು. ಅದನ್ನು ಉಪ್ಪುನೀರಲ್ಲಿ ಕರಗಿಸಿ ಹಚ್ಚಿದಾಗ ಮರುದಿನ ಬೆಳಗ್ಗೆ ಹಸಿರು ಬಂದೇ ಬಂತು. ಅಮ್ಮಿ ಅದನ್ನು ನೋಡಿ ಅತ್ತಳು. ಆದರೆ ಬೆರಳು ಸೋಕಿದರೆ ಸಾಕು, ಸುಣ್ಣದಂತೆ ಪುಡಿಪುಡಿಯಾಗಿ ಉದುರುತ್ತಿತ್ತು. ಮತ್ತೆ ಹಚ್ಚು, ನೆರಳಲ್ಲಿ ಒಣಗಿಸು, ಮತ್ತೆ ಹಚ್ಚು. ಅದೂ ತೀರ ಎಳೆಯ ಹಸಿರು, ಹಳೆಯದರ ಮಂಕು ಅದಕ್ಕಿಲ್ಲ. ಆಗ ನಾನು ಮೋರಿಗೆ ಇಳಿದೆ. ಅಂದು ನಾನೇ ಉಜ್ಜಿ ಚೆಲ್ಲಿದ ಕೆಸರು ಕಲ್ಲುಗಳ ಸಂದಿಯಲ್ಲಿ ಉಳಿದಿತ್ತು. ಉಗುರಿನಿಂದ ಕೆರೆದು ಕೆರೆದು ತೆಂಗಿನ ಚಿಪ್ಪಿನ ತುಂಬ ತಂದು ಬಿಂದಿಗೆಗೆ ಮೆತ್ತಿದೆ. ಉಗುರ ಸಂದಿಯಲ್ಲಿ ರಕ್ತ ಬಂದರೂ ಬಿಡಲಿಲ್ಲ.

ಮನೆಯೆಲ್ಲ ಗಂಜಲದ ನಾತ. ಅದು ತಾಗಿದ ಮೈಯಲ್ಲಿ, ಬಟ್ಟೆಯಲ್ಲಿ ನಮಾಜು ಮಾಡುವಂತಿಲ್ಲವೆಂದು ಅಬ್ಬಾ ಪ್ರತಿ ಸಲ ತಲೆಯಿಂದ ಕಾಲವರೆಗೆ ಸ್ನಾನ ಮಾಡುತ್ತಿದ್ದರು, ಬೇರೆ ಬಟ್ಟೆ ಉಡುತ್ತಿದ್ದರು. ಮೂರನೇ ದಿನಕ್ಕೆ ಒಣಗಿದ ಬಟ್ಟೆ ಉಳಿಯಲಿಲ್ಲ. ನಾಲ್ಕನೇ ದಿನ ಮಸೀದಿಗೆ ಹೋಗಲಿಲ್ಲ. ಅಜಾನ್ ಕೇಳಿದಾಗ ಕೈಯಲ್ಲಿದ್ದ ಗೋಣಿಚೂರು ಹಿಡಿದುಕೊಂಡೇ ನೆಲ ನೋಡುತ್ತ ಕೂತಿರುತ್ತಿದ್ದರು. ಹಾಗೆ ಕೂತ ಅಬ್ಬಾನನ್ನು ನೋಡಲಾಗದೆ ನಾನು ಹಿತ್ತಿಲಿಗೆ ಓಡಿಹೋಗುತ್ತಿದ್ದೆ. ನನ್ನ ಎರಡು ಬೆರಳು ಮುರಿದುಹೋಗಿದ್ದರೂ ಚೆನ್ನಾಗಿತ್ತು ಎನ್ನಿಸುತ್ತಿತ್ತು. ಅಬ್ಬಾ ಬಿಂದಿಗೆಯ ಒಳಗೂ ಹಚ್ಚು ಎಂದಾಗ ಅಮ್ಮಿ ತಡೆದಳು.

"ಒಳಕ್ಯಾಕೆ? ಹಾಲು ಹಾಕ್ತಾರೆ ಅಂದ್ರಲ್ಲ."

"ಹಳೇದು ಒಳಗೂ ಹಸಿರಿತ್ತು. ಅವನು ಇಣುಕಿ ನೋಡಲ್ವಾ? ಕುರಿ ಮೇಲೆ ಚಿಮುಕ್ಸೋ ಹಾಲು ಕಣೇ, ಕುಡಿಯೋದಲ್ಲ."

ಅಮ್ಮಿ ನವಸಾಗರದ ಬಟ್ಟಲನ್ನು ನನ್ನ ಕಡೆ ಸರಿಸಿದಳು. ಒಳಗೆ ಕೈ ಹೋಗುತ್ತಿದ್ದುದು ನನ್ನದೇ ಆದ್ದರಿಂದ ಒಳಗಿನ ಹಸಿರೆಲ್ಲ ನಾನೇ ಹಚ್ಚಿದೆ.

ಬರಹೇಳಿದ್ದ ಸೋಮವಾರ ಚಿಕ್ಕಣ್ಣ ಹೊತ್ತು ಏರುವ ಮೊದಲೇ ಬಂದ. ಅಮ್ಮಿ ಪರದೆಯ ಹಿಂದೆ ನಿಂತಳು. ಅವಳು ಹೊರಗಿನ ಗಂಡಸರ ಎದುರು ಎಂದೂ ಬಂದವಳಲ್ಲ. ನಾನು ಅವಳ ಪಕ್ಕದಲ್ಲಿ, ಪರದೆಯ ಸಂದಿಗೆ ಕಣ್ಣಿಟ್ಟುಕೊಂಡು. ಅಬ್ಬಾ ಗೋಣಿ ಬಿಚ್ಚಿ ಬಿಂದಿಗೆ ಕೊಟ್ಟರು. ಚಿಕ್ಕಣ್ಣ ಅದನ್ನು ಕಣ್ಣಿಗೊತ್ತಿಕೊಂಡ. ತಿರುಗಿಸಿ ತಳ ನೋಡಿದ, ಒಳಗೆ ಇಣುಕಿದ, ಆ ತಗ್ಗಿನ ಮೇಲೆ ಹೆಬ್ಬೆರಳು ಆಡಿಸಿದ. ಅವನು ನಕ್ಕ.

"ಒಂಚೂರು ಭಾರ ಆಗೈತೆ, ಅಲ್ವಾ ಸಾಬ್ರೆ?"

"ತಳಕ್ಕೆ ತಗಡು ಹಾಕಿದೀನಿ" ಎಂದರು ಅಬ್ಬಾ.

"ಹೂಂ ಮತ್ತೆ. ನನ್ ಜೀವ ಉಳಿಸ್ಬುಟ್ರಿ. ಹದಿನಾಕು ದಿನದಿಂದ ಕಣ್ಣು ಮುಚ್ಚಿಲ್ಲ ನಾನು." ಅವನು ಕಂಬಳಿ ಹರಡಿ ಅದರ ಮೇಲೆ ಬಿಂದಿಗೆ ಇಟ್ಟುಕೊಂಡ. "ಇನ್ನೊಂದು ಸಮಾಚಾರ ಹೇಳ್ಲಿಲ್ಲ. ಸೊಸೆ ಹಡೆದವ್ಳೆ, ಗಂಡು ಕೂಸು. ಈ ಸಲ ಹಬ್ಬದಾಗೆ ಇದ್ರ ಹಾಲು ನನ್ ಮೊಮ್ಮಗನ ಬಾಯಿಗೇ ಮೊದ್ಲು."

ಅಬ್ಬಾ ತಲೆ ಎತ್ತಿದರು. "ಬಾಯಿಗಾ? ಕುರಿ ಮೇಲೆ ಅಲ್ವಾ?"

"ಮೊದ್ಲು ಆ ವರ್ಷ ಹುಟ್ಟಿದ ಕೂಸಿಗೆ ಒಂದು ಗುಟುಕು, ಆಮ್ಯಾಕೆ ಕುರಿಗೆ. ನಾವೆಲ್ಲಾ ಕುಡ್ದೇ ಬೆಳ್ದಿರೋದು. ಏನೂ ಆಗಿಲ್ಲ, ನೋಡಿ, ಗುಂಡುಕಲ್ಲಿನಂಗಿವ್ನಿ."

ಅಬ್ಬಾಗೆ ಗೊತ್ತಿತ್ತು. ಹಳೆಯ ಹಸಿರು ಕಲ್ಲಾಗಿ ಕೂತಿತ್ತು, ಅದು ಹಾಲಿಗೆ ಬಿಡುತ್ತಿರಲಿಲ್ಲ. ನಮ್ಮದು ನೀರು ಸೋಕಿದರೆ ಕರಗುವ ಹಸಿರು. ಹಸುಗೂಸಿನ ಬಾಯಿ. ನಾನು ಅಬ್ಬಾನ ಮುಖ ನೋಡಿದೆ. ಅವರು ಸುತ್ತಿಗೆ ಎತ್ತಿಕೊಂಡು ಅದರ ಹಿಡಿಯನ್ನು ಹೆಬ್ಬೆರಳಿನಿಂದ ಒರೆಸಿದರು, ಮತ್ತೆ ಕೆಳಗಿಟ್ಟರು. ಚಿಕ್ಕಣ್ಣ ಬಿಂದಿಗೆಯನ್ನು ಕಂಬಳಿಯಲ್ಲಿ ಸುತ್ತಿದ. ಅವನು ಎದ್ದು, ಕೈ ಮುಗಿದು, ಹೊಸ್ತಿಲು ದಾಟಿ ಒಂದು ಕಾಲು ಬೀದಿಗಿಟ್ಟ. ಅಬ್ಬಾ ಕರೆಯಲಿಲ್ಲ. ಪರದೆ ಸರಿಯಿತು.

"ಅಣ್ಣಾ, ನಿಲ್ಲಿ. ಆ ಕೂಸಿಗೆ ಅದ್ರಲ್ಲಿ ಕುಡಿಸ್ಬ್ಯಾಡಿ. ಅದು ನಿಮ್ಮ ಬಿಂದಿಗೆ ಅಲ್ಲ."

ಅಮ್ಮಿ ಸೆರಗು ಸರಿಮಾಡಿಕೊಳ್ಳದೆ ಕುಲುಮೆಯ ಕೋಣೆಯ ನಡುವೆ ನಿಂತಿದ್ದಳು. ನಿಂತ ಕಡೆಯಲ್ಲೇ ಎಲ್ಲವನ್ನೂ ಹೇಳಿದಳು. ಬಿಂದಿಗೆ ಬೆಳಗಿದ್ದು ಯಾರು ಎಂಬಲ್ಲಿಗೆ ಬಂದಾಗ, "ನಾನೇ ಬೆಳಗ್ದೆ, ನನ್ನ ಕೈಯಲ್ಲೇ ಹರೀತು" ಎಂದಳು. ನಾನು ಪರದೆಯ ಹಿಂದೆ ನಿಂತು ಅದನ್ನು ಕೇಳಿಸಿಕೊಂಡೆ. "ಅಲ್ಲ, ನಾನು" ಎನ್ನಬಹುದಿತ್ತು. ಎರಡೇ ಹೆಜ್ಜೆ ದೂರವಿತ್ತು.

ಚಿಕ್ಕಣ್ಣ ಹೊಸ್ತಿಲ ಮೇಲೇ ಕೂತುಬಿಟ್ಟ. "ನಮ್ಮದೆಲ್ಲಮ್ಮ?" ಎಂದ. ಅಮ್ಮಿ ಒಳಗಿನಿಂದ ಹಳೆಯದನ್ನು ತಂದು ಅವನ ಮುಂದಿಟ್ಟಳು. ನಾನು ಬೆಳಗಿದ ಹೊಳಪು ಹಾಗೇ ಇತ್ತು, ತಳ ಬಾಯಿಬಿಟ್ಟಿತ್ತು. ಅವನು ಅದನ್ನು ಮುಟ್ಟಲು ಹೋಗಿ ಕೈ ಹಿಂದಕ್ಕೆ ತೆಗೆದ.

"ಇದು ಇಷ್ಟು ಕೆಂಪಗಿತ್ತಾ" ಎಂದ ತನಗೆ ತಾನೇ.

"ಹಟ್ಟೀಲಿ ಏನು ಹೇಳ್ತೀಯಾ ಚಿಕ್ಕಣ್ಣ?" ಅಬ್ಬಾ ಆಗ ಮಾತಾಡಿದರು.

"ಏನೇಳ್ಲಿ ಸಾಬ್ರೆ. ಇರೋದೇ ಹೇಳ್ತೀನಿ. ನಮ್ಮನೆ ಕೂಸಿನ ಮುಂದೆ ಇನ್ನೇನೇಳಕ್ಕಾಯ್ತದೆ."

ಹೊಸ ಬಿಂದಿಗೆಯನ್ನು ಅಲ್ಲೇ ಬಿಟ್ಟು ಹರಿದಿದ್ದನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೋದ. ಅವನು ಹೆದರಿದ್ದಂತೆಯೇ ಆಯಿತು. ಪೂಜೆ ಬೇರೆಯವರ ಪಾಲಾಯಿತು, ಅವನ ಸಂಸಾರ ಹಟ್ಟಿಯಿಂದ ಆಚೆ ಬಿತ್ತು. ಮುಂದಿನ ವರ್ಷ ಸಿರಾ ಸಂತೆಯಲ್ಲಿ ಅವನು ಮೂಟೆ ಹೊರುವುದನ್ನು ನೋಡಿದೆ. ಒಂದು ದಿನ ಹೆಗಲ ಮೇಲೆ ಗುಂಡಗುಂಡಗಿನ ಮಗುವೊಂದಿತ್ತು, ಅವನ ಕಿವಿ ಹಿಡಿದು ಎಳೆಯುತ್ತಿತ್ತು. ಅವನು ನಮ್ಮ ಗಲ್ಲಿಯ ಕಡೆ ತಿರುಗದೆ ಹೋದ. ತಾವರೆಕೆರೆ ಕಡೆಯ ಯಾವ ಹಟ್ಟಿಯವರೂ ಆಮೇಲೆ ನಮ್ಮ ಬಾಗಿಲಿಗೆ ಪಾತ್ರೆ ತರಲಿಲ್ಲ, ಅಬ್ಬಾ ಸೈಕಲ್ಲಿನ ಮೇಲೆ ಅಲ್ಯೂಮಿನಿಯಂ ಕಟ್ಟಿಕೊಂಡು ದೊಡ್ಡೇರಿ ಕಡೆ ಮಾರಲು ಹೊರಟರು.

ಚಿಕ್ಕಣ್ಣ ಹೋದ ದಿನ ಮಧ್ಯಾಹ್ನ ಅಮ್ಮಿ ಎಂದಿನಂತೆ ಮುದ್ದೆ ಮಾಡಿದಳು. ಅಬ್ಬಾ ತಟ್ಟೆಯ ಮುಂದೆ ಕೂತರು, ನಾನು ಅವರ ಎದುರಿಗೆ. ಸಾರು ಬಡಿಸುತ್ತಿದ್ದವಳ ಮುಖ ನೋಡದೆ ಅವರು ಹೇಳಿದರು:

"ನಾನೂ ಹೇಳೋನೇ ಇದ್ದೆ. ಅವನು ಮೂಲೆ ತಿರುಗೋದ್ರೊಳಗೆ ಕರೀತಿದ್ದೆ. ನೀನು ಅವಸರ ಮಾಡ್ದೆ."

"ಹೂಂ" ಎಂದಳು ಅಮ್ಮಿ, ಇನ್ನೊಂದು ಸೌಟು ಬಡಿಸಿದಳು.

ಅಬ್ಬಾ ಕರೆಯುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಅವರು ಸಾಯುವವರೆಗೂ ನಾನು ಕೇಳಲಿಲ್ಲ. ನಾನಾಗಿದ್ದರೆ ಕರೆಯುತ್ತಿರಲಿಲ್ಲ. ಅದು ಗೊತ್ತು.